ಹೊಸ ವಿಶ್ವಾಸಿಯ ಕೈಗೆ ಯಾವ ಬೈಬಲ್? ಸುಲಭವಾಗಿ ಓದಬಲ್ಲ ಪ್ರತಿಯ ಆಯ್ಕೆಗೆ ಒಂದು ಕೈಪಿಡಿ



ಪಾಸ್ಖ ಹಬ್ಬದ ಮುಂಚಿನ ವಾರಗಳಲ್ಲಿ ನಮ್ಮನ್ನು ಅನೇಕರು ಕೇಳುವ ಒಂದು ಪ್ರಶ್ನೆಯಿದೆ. "ಈ ವರ್ಷ ನಮ್ಮಲ್ಲಿ ಒಬ್ಬರು ದೀಕ್ಷಾಸ್ನಾನ ಪಡೆಯುತ್ತಿದ್ದಾರೆ. ಅವರಿಗೊಂದು ಬೈಬಲ್ ಕೊಡಬೇಕು. ಯಾವುದನ್ನು ಕೊಡೋಣ?" ಪ್ರಶ್ನೆ ಚಿಕ್ಕದು. ಆದರೆ ಹೊಸ ವಿಶ್ವಾಸಿಯ ಕೈಗೆ ಬರುವ ಮೊದಲ ಪ್ರತಿಯೇ ಅವರು ಮುಂದೆ ಓದುತ್ತಾರೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ನಮಗೆ ಇದು ತಿಳಿದದ್ದು ನಮ್ಮದೇ ಒಂದು ತಪ್ಪಿನಿಂದ.

ಜಗಲಿಯ ಮೇಲಿದ್ದ ಬೈಬಲ್

ಕೆಲವು ವರ್ಷಗಳ ಹಿಂದೆ ನಾವು ಕರಾವಳಿಯಿಂದ ಘಟ್ಟ ಹತ್ತಿ, ಶಿರಸಿ, ಮುಂಡಗೋಡ ದಾಟಿ ಹಾವೇರಿ ಜಿಲ್ಲೆಯ ಬಂಕಾಪುರದ ಕಡೆಗೆ ಹೋಗಿದ್ದೆವು. ಅಲ್ಲಿ ಹೊಲದ ಕೂಲಿ ಮಾಡುವ ಒಬ್ಬ ತಾಯಿಗೆ ಹಿಂದಿನ ವರ್ಷ ದೀಕ್ಷಾಸ್ನಾನದ ಕಾಣಿಕೆಯಾಗಿ ನಾವೇ ಒಂದು ಬೈಬಲ್ ಕೊಟ್ಟಿದ್ದೆವು. ದಪ್ಪ ರಟ್ಟು, ತೆಳು ಹಾಳೆ, ಚಿನ್ನದ ಬಣ್ಣದ ಅಂಚು. ಮನೆಗೆ ಹೋದಾಗ ಅದು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿತ್ತು.

"ಓದೀಯೇನವ್ವಾ?" ಎಂದು ಕೇಳಿದೆವು.

"ಓದಾಕ ಬರತೈತ್ರಿ. ಮದಲಿನ ಹಾಳಿಯಿಂದನ ಸುರು ಮಾಡಿದ್ನಿರಿ. ಆಮ್ಯಾಲ ಬರೇ ಹೆಸರು, ಲೆಕ್ಕ. ತಿಳೀಲಿಲ್ರಿ. ದೇವರ ಪುಸ್ತಕ ತಪ್ಪ ಓದಿದ್ರ ಪಾಪ ಬರತೈತೇನೋ ಅಂತ ಎತ್ತಿ ಇಟ್ಟೇನ್ರಿ" ಎಂದರು ಆ ತಾಯಿ.

ಅವರು ಗ್ರಂಥಕ್ಕೆ ತೋರಿದ ಗೌರವದಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ನಮ್ಮ ಆಯ್ಕೆಯಲ್ಲಿ. ಕಣ್ಣಿಗೆ ಚೆಂದ ಕಾಣುವ ಪ್ರತಿಯನ್ನು ಕೊಟ್ಟೆವು; ಓದಲು ಬರುವ ಪ್ರತಿಯನ್ನು ಕೊಡಲಿಲ್ಲ. ಎಲ್ಲಿಂದ ಆರಂಭಿಸಬೇಕೆಂದೂ ಹೇಳಲಿಲ್ಲ. ಇಂಥ ತಪ್ಪು ಬೇರೆಯವರಿಂದ ಆಗದಿರಲಿ ಎಂದು ಈ ಲೇಖನ.

"ಸುಲಭ" ಎಂದರೇನು?

ಸುಲಭ ಬೈಬಲ್ ಎಂದರೆ ಸರಳ ಪದಗಳ ಬೈಬಲ್ ಎಂದು ನಾವು ತಿಳಿಯುತ್ತೇವೆ. ಅದು ಮೂರರಲ್ಲಿ ಒಂದು ಮಾತ್ರ. ಮೊದಲನೆಯದು ಭಾಷೆ: ವಾಕ್ಯ ಒಂದೇ ಓದಿಗೆ ಅರ್ಥವಾಗಬೇಕು. ಎರಡನೆಯದು ಟಿಪ್ಪಣಿ: ಪದ ತಿಳಿದರೂ ಸಂದರ್ಭ ತಿಳಿಯದ ಕಡೆ ಪುಟದ ಕೆಳಗೆ ಒಂದು ಸಾಲಿನ ಸಹಾಯ ಇರಬೇಕು. ಮೂರನೆಯದು ಜೊತೆಗಾರರು: ಪ್ರಶ್ನೆ ಬಂದಾಗ ಕೇಳಲು ಒಬ್ಬ ಉಪದೇಶಿ, ಒಬ್ಬ ಸಿಸ್ಟರ್, ಇಲ್ಲವೆ ಪಕ್ಕದ ಮನೆಯ ಒಬ್ಬ ಹಿರಿಯರು. ಈ ಮೂರೂ ಸೇರಿದಾಗಲೇ ಅಧ್ಯಯನ ಆವೃತ್ತಿ ಎಂಬ ಮಾತಿಗೆ ಅರ್ಥ.

ಟಿಪ್ಪಣಿ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ. ಬಿತ್ತುವವನ ಸಾಮತಿಯಲ್ಲಿ ಕೆಲವು ಬೀಜ ಕಾಲುದಾರಿಯಲ್ಲಿ, ಕೆಲವು ಕಲ್ಲು ನೆಲದಲ್ಲಿ, ಕೆಲವು ಮುಳ್ಳುಪೊದೆಯಲ್ಲಿ ಬೀಳುತ್ತವೆ. ಬಂಕಾಪುರ, ಶಿಗ್ಗಾಂವಿ ಕಡೆಯ ರೈತ ಕೂರಿಗೆ ಹಿಡಿದು ಸಾಲು ತಪ್ಪದಂತೆ ಬಿತ್ತುವವನು. "ಇಷ್ಟು ಬೀಜ ಹಾಳು ಮಾಡುವವನು ಎಂಥ ಒಕ್ಕಲಿಗ?" ಎಂಬುದು ಅವನ ಮೊದಲ ಪ್ರಶ್ನೆ. ಯೇಸುವಿನ ನಾಡಿನಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದರು ಎಂಬ ಒಂದು ಸಾಲಿನ ಟಿಪ್ಪಣಿ ಇದ್ದರೆ ಪ್ರಶ್ನೆ ಪರಿಹಾರವಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ ಒಳಗೆ ಇಳಿಸುತ್ತಾರೆ. ಹೆಂಚಿನ ಇಳಿಜಾರು ಮಾಡು ಕಂಡು ಬೆಳೆದ ಕರಾವಳಿಯ ನಮಗೆ ಇದನ್ನು ಚಿತ್ರ ಬರೆದು ವಿವರಿಸಬೇಕಾಗುತ್ತದೆ. ಮಣ್ಣಿನ ಮಾಳಿಗೆ ಮನೆ ನೋಡಿದ ಬಯಲುಸೀಮೆಯವರಿಗೆ ಟಿಪ್ಪಣಿಯೇ ಬೇಡ. ಆದ್ದರಿಂದ ಪ್ರತಿ ಆರಿಸುವಾಗ ನಮಗೆ ಏನು ಕಷ್ಟವೋ ಅದನ್ನಲ್ಲ, ಓದುವವರಿಗೆ ಏನು ಕಷ್ಟವೋ ಅದನ್ನು ನೋಡಬೇಕು.

ಧರ್ಮಸಭೆ ಏನು ಹೇಳುತ್ತದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ "ದೇಯಿ ವೆರ್ಬುಮ್" ಎಂಬ ದಾಖಲೆಯ 22ನೇ ವಿಭಾಗ, ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಸುಲಭವಾಗಿ ಎಟುಕಬೇಕೆಂದು ಹೇಳುತ್ತದೆ. ಇತರ ಕ್ರೈಸ್ತರೊಡನೆ ಕೂಡಿ ಅನುವಾದ ಮಾಡುವುದಕ್ಕೂ ಅಲ್ಲಿ ಅವಕಾಶವಿದೆ. 25ನೇ ವಿಭಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ರೈಸ್ತರಲ್ಲದವರೂ ಓದಬಹುದಾದ, ತಕ್ಕ ಟಿಪ್ಪಣಿಗಳಿರುವ ಆವೃತ್ತಿಗಳು ಬರಬೇಕೆನ್ನುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 825ನೇ ನಿಯಮದಂತೆ, ದೇಶಭಾಷೆಯ ಅನುವಾದಕ್ಕೆ ಧರ್ಮಾಧ್ಯಕ್ಷರ ಮಂಡಳಿಯ ಅಥವಾ ರೋಮಿನ ಅನುಮತಿ ಬೇಕು. ಅಗತ್ಯವಾದ ಟಿಪ್ಪಣಿಯೂ ಇರಬೇಕು. ಅಂದರೆ ಟಿಪ್ಪಣಿ ಪಂಡಿತರಿಗೆ ಮಾತ್ರ ಮೀಸಲಾದ ಅಲಂಕಾರವಲ್ಲ.

ಇನ್ನೊಂದು ಸಂಗತಿಯನ್ನು ಹಲವರು ಗಮನಿಸಿಲ್ಲ. 1972ರಲ್ಲಿ ಪ್ರಕಟವಾದ ವಯಸ್ಕರ ದೀಕ್ಷಾವಿಧಿಯಲ್ಲಿ, ದೀಕ್ಷಾರ್ಥಿಯನ್ನು ಮೊದಲು ಬರಮಾಡಿಕೊಳ್ಳುವಾಗ ಶುಭಸಂದೇಶಗಳ ಪುಸ್ತಕವನ್ನು ಕೈಗೆ ಕೊಡಲು ಅವಕಾಶವಿದೆ. ಇಡೀ ಬೈಬಲನ್ನೇ ಮೊದಲ ದಿನ ಹೊರಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಕನ್ನಡದಲ್ಲಿ ಏನೇನಿದೆ?

ಕನ್ನಡ ಬೈಬಲಿಗೆ ಎರಡು ಶತಮಾನಗಳ ಇತಿಹಾಸವಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆ ಮಾಡಿದ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದುವ ಕೆಲಸ ಮಾಡಿದರು. ಇಂದು ಹೊಸ ಓದುಗರ ಕೈಗೆ ಸಿಗುವ ಮುಖ್ಯ ಅನುವಾದಗಳು ಇವು.

1. ಸತ್ಯವೇದವು, ಹಳೆಯ ಅನುವಾದ. ಭಾರತೀಯ ಬೈಬಲ್ ಸೊಸೈಟಿ ಪ್ರಕಟಿಸುವ ಇದನ್ನು ಜೆ.ವಿ. ಎಂದು ಗುರುತಿಸುತ್ತಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. 66 ಗ್ರಂಥಗಳಿವೆ. ಭಾಷೆ ಗಂಭೀರ, ಗ್ರಾಂಥಿಕ. ಕಂಠಪಾಠಕ್ಕೆ ಚೆನ್ನ, ಮೊದಲ ಓದಿಗೆ ಭಾರ. ದೇವರ ಹೆಸರು ಇಲ್ಲಿ "ಯೆಹೋವ".

2. ಸಾಮಾನ್ಯ ಭಾಷೆಯ ಅನುವಾದ. ಇದನ್ನೂ ಬೈಬಲ್ ಸೊಸೈಟಿಯೇ ಪ್ರಕಟಿಸುತ್ತದೆ, ಸಿ.ಎಲ್. ಎಂಬುದು ಗುರುತು. "ಸರ್ವೇಶ್ವರ", "ಶುಭಸಂದೇಶ", "ಯೊವಾನ್ನ", "ಪ್ರೇಷಿತರ ಕಾರ್ಯಕಲಾಪಗಳು" ಮುಂತಾದ ಪದಗಳು ನಮ್ಮ ದೇವಾಲಯಗಳಲ್ಲಿ ಬಲಿಪೂಜೆಯ ವಾಚನಗಳಲ್ಲಿ ಕೇಳುವ ಮಾತಿಗೆ ಹತ್ತಿರ. ಭಾನುವಾರ ಕೇಳಿದ್ದನ್ನು ಸೋಮವಾರ ಮನೆಯಲ್ಲಿ ಓದಿದಾಗ ಅದೇ ಮಾತು ಕಣ್ಣಿಗೆ ಬೀಳುತ್ತದೆ. ಹೊಸಬರಿಗೆ ಇದು ದೊಡ್ಡ ಆಸರೆ.

3. ಪರಿಶುದ್ಧ ಬೈಬಲ್, ಈಸಿ ಟು ರೀಡ್ ಆವೃತ್ತಿ. 1997ರ ಹಕ್ಕುಸ್ವಾಮ್ಯವಿರುವ ಈ ಅನುವಾದದ ಹಕ್ಕು ಈಗ ಬೈಬಲ್ ಲೀಗ್ ಸಂಸ್ಥೆಯದು. ಇದರ ಇಂಗ್ಲಿಷ್ ಮೂಲದ ಕಥೆ ಕೇಳುವಂಥದ್ದು. ಕಿವುಡರಿಗೆ ಇಂಗ್ಲಿಷ್ ಬರಹ ಕಷ್ಟವಾಗುತ್ತದೆಂದು ಅವರಿಗಾಗಿಯೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಸಿದ್ಧಪಡಿಸಿದ ಅನುವಾದದಿಂದ ಅದು ಬೆಳೆಯಿತು. ಕನ್ನಡದಲ್ಲಿಯೂ ವಾಕ್ಯ ಚಿಕ್ಕದು, ಪದ ಬಳಕೆಯದು. ಆದರೆ 66 ಗ್ರಂಥಗಳಷ್ಟೇ ಇವೆ. ಹೆಸರುಗಳೂ ನಮ್ಮ ದೇವಾಲಯದಲ್ಲಿ ಕೇಳುವಂತೆ ಎಲ್ಲ ಕಡೆ ಇರುವುದಿಲ್ಲ.

4. ಹೊಸ ಅನುವಾದಗಳು. 2019ರ ಇಂಡಿಯನ್ ರಿವೈಸ್ಡ್ ವರ್ಷನ್ ಮತ್ತು ಬಿಬ್ಲಿಕಾ ಸಂಸ್ಥೆಯ ಕನ್ನಡ ಸಮಕಾಲಿಕ ಅನುವಾದ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ಇವು ಕೂಡ 66 ಗ್ರಂಥಗಳ ಕ್ರಮದವು. ಹೋಲಿಸಿ ನೋಡಲು ಉಪಯುಕ್ತ.

ನಮ್ಮ ಸಲಹೆ ಇದು: ಕಥೋಲಿಕ ಧರ್ಮಸಭೆಗೆ ಹೊಸದಾಗಿ ಬಂದವರ ಮುಖ್ಯ ಪ್ರತಿ ಸಾಮಾನ್ಯ ಭಾಷೆಯ ಅನುವಾದವಾಗಿರಲಿ. ಒಂದು ವಾಕ್ಯ ಅರ್ಥವಾಗದಿದ್ದರೆ ಈಸಿ ಟು ರೀಡ್ ಆವೃತ್ತಿಯಲ್ಲಿ ಅದೇ ವಾಕ್ಯ ನೋಡಲಿ. ಹಳೆಯ ಸತ್ಯವೇದವನ್ನು ಮುಂದೆ ಓದಬಹುದು.

66 ಮತ್ತು 73ರ ಲೆಕ್ಕ

ಅಂಗಡಿಯಲ್ಲಿ ಹೆಚ್ಚು ಎಡವುವುದು ಇಲ್ಲಿ. ಕಥೋಲಿಕ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 46, ಹೊಸ ಒಡಂಬಡಿಕೆಯ 27, ಒಟ್ಟು 73 ಗ್ರಂಥಗಳು. 1546ರಲ್ಲಿ ತ್ರೆಂತ್ ಮಹಾಸಭೆ ಈ ಪಟ್ಟಿಯನ್ನು ವಿಧಿವತ್ತಾಗಿ ಸಾರಿತು. ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಹಾಗೂ ಎಸ್ತೇರ್, ದಾನಿಯೇಲ ಗ್ರಂಥಗಳ ಕೆಲವು ಭಾಗಗಳು 66ರ ಪ್ರತಿಯಲ್ಲಿ ಇರುವುದಿಲ್ಲ. ಬೈಬಲ್ ಸೊಸೈಟಿಗಳೂ ರೋಮಿನ ಕ್ರೈಸ್ತ ಐಕ್ಯತಾ ಕಾರ್ಯಾಲಯವೂ 1968ರಲ್ಲಿ ಒಪ್ಪಿ, 1987ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಎಲ್ಲರೂ ಕೂಡಿ ತರುವ ಆವೃತ್ತಿಗಳಲ್ಲಿ ಇವನ್ನು ಎರಡು ಒಡಂಬಡಿಕೆಗಳ ನಡುವೆ ಪ್ರತ್ಯೇಕ ಭಾಗವಾಗಿ ಇಡುವ ರೂಢಿಯಿದೆ. ಆದ್ದರಿಂದ ತೊಬೀತ ಎಲ್ಲಿ ಎಂದು ಹುಡುಕಿ ಸಿಗದಿದ್ದರೆ ಗಾಬರಿ ಬೇಡ. ನಡುವಿನ ಪುಟ ನೋಡಿ.

ರಟ್ಟಿನ ಮೇಲೆ "ಪವಿತ್ರ ಬೈಬಲ್" ಎಂದಿದ್ದರೆ ಸಾಲದು. ಪರಿವಿಡಿ ತೆರೆದು ಗ್ರಂಥಗಳನ್ನು ಎಣಿಸಿ. ಮೊದಲ ಪುಟಗಳಲ್ಲಿ ಇಂಪ್ರಿಮಾತುರ್ ಎಂದು ಕರೆಯುವ ಮುದ್ರಣಾನುಮತಿ ಇದೆಯೇ ನೋಡಿ. ಹಾಗೆಂದು ಹುಬ್ಬಳ್ಳಿ ಧಾರವಾಡದ ಪ್ರೊಟೆಸ್ಟಂಟ್ ಬಂಧುಗಳು ಪ್ರೀತಿಯಿಂದ ಕೊಟ್ಟ 66ರ ಪ್ರತಿಯನ್ನು ಯಾರೂ ತಿರಸ್ಕರಿಸಬೇಕಿಲ್ಲ. ಅದರಲ್ಲಿರುವ ನಾಲ್ಕು ಶುಭಸಂದೇಶಗಳು ನಮ್ಮವೇ. ಅಲ್ಲಿ "ಯೋಹಾನ" ಎಂದಿರುವವನೂ ಇಲ್ಲಿ "ಯೊವಾನ್ನ" ಎಂದಿರುವವನೂ ಒಬ್ಬನೇ ಎಂದು ಮೊದಲೇ ತಿಳಿಸಿಬಿಡಿ. ಹೊಸಬರು ಇಬ್ಬರು ಬೇರೆ ಬೇರೆ ಸಂತರೆಂದು ತಿಳಿದು ಗೊಂದಲಪಡುವುದುಂಟು.

ಕೊಳ್ಳುವ ಮುನ್ನ ಐದು ಪರೀಕ್ಷೆ

1. ಅಕ್ಷರದ ಗಾತ್ರ. ಸಂಜೆಯ ದೀಪದ ಬೆಳಕಿನಲ್ಲಿ, ಕನ್ನಡಕವಿಲ್ಲದೆ ಓದಬಹುದೇ? ಹಾಳೆಯ ಹಿಂಬದಿಯ ಅಕ್ಷರ ಮುಂದಕ್ಕೆ ಕಾಣುತ್ತದೆಯೇ?

2. ಉಪಶೀರ್ಷಿಕೆ. ಪ್ರತಿ ಘಟನೆಗೆ ಒಂದು ತಲೆಬರಹ ಇದ್ದರೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಆರಂಭಿಸಬೇಕು ಎಂದು ತಿಳಿಯುತ್ತದೆ.

3. ಪೀಠಿಕೆ ಮತ್ತು ಟಿಪ್ಪಣಿ. ಪ್ರತಿ ಗ್ರಂಥದ ಮೊದಲಿಗೆ ಅರ್ಧ ಪುಟದ ಪರಿಚಯ ಇದೆಯೇ? ಸಮಾರ್ಯದವರು ಯಾರು, ಒಂದು ದೆನಾರಿಯ ಎಂದರೆ ಎಷ್ಟು ದಿನದ ಕೂಲಿ, ಫರಿಸಾಯರು ಯಾರು ಎಂಬುದಕ್ಕೆ ಉತ್ತರ ಸಿಗುತ್ತದೆಯೇ? ಪುಟದ ಅರ್ಧಭಾಗ ಟಿಪ್ಪಣಿಯೇ ಇದ್ದರೆ ಅದು ಹೊಸಬರಿಗಲ್ಲ.

4. ನಕ್ಷೆ. ಗಲಿಲೇಯ, ಸಮಾರ್ಯ, ಜುದೇಯ ಮೂರನ್ನೂ ತೋರಿಸುವ ಒಂದು ನಕ್ಷೆ ಸಾಕು.

5. ಓದಿ ಹೇಳುವ ಪರೀಕ್ಷೆ. ಇದೇ ಮುಖ್ಯ. ಯಾರಿಗೆ ಕೊಡುತ್ತೀರೋ ಅವರಿಂದಲೇ ಒಂದು ಪುಟ ಗಟ್ಟಿಯಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ಅವರ ಮಾತಿನಲ್ಲಿ ಹೇಳಲು ಕೇಳಿ. ಕಥೆ ಬಂದರೆ ಆ ಪ್ರತಿ ಅವರದು. ಬರದಿದ್ದರೆ ಎಷ್ಟೇ ಬೆಲೆಯದಾಗಿರಲಿ, ಬೇರೆಯದನ್ನು ನೋಡಿ.

ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ

ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಕಾಲೇಜು ಓದುವ ಯುವಜನರು ಇಂಗ್ಲಿಷ್ ಪ್ರತಿ ಕೇಳುತ್ತಾರೆ. 1976ರಲ್ಲಿ ಪೂರ್ಣವಾಗಿ ಬಂದ ಗುಡ್ ನ್ಯೂಸ್ ಬೈಬಲ್ ಭಾಷೆಯಲ್ಲಿ ಅತಿ ಸರಳ. 73 ಗ್ರಂಥಗಳಿರುವ ಅದರ ಕಥೋಲಿಕ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಭಾರತದ ಸಂದರ್ಭಕ್ಕೆ ಟಿಪ್ಪಣಿ ಬರೆದ ನ್ಯೂ ಕಮ್ಯುನಿಟಿ ಬೈಬಲ್ 2008ರಲ್ಲಿ ಮುಂಬಯಿಯಲ್ಲಿ ಹೊರಬಂತು. ಭಾರತೀಯ ಧರ್ಮಗ್ರಂಥಗಳ ಉಲ್ಲೇಖದ ಬಗ್ಗೆ ಚರ್ಚೆಯಾಗಿ 2011ರಲ್ಲಿ ಪರಿಷ್ಕೃತ ಆವೃತ್ತಿ ಬಂತು. ಕೊಳ್ಳುವುದಾದರೆ ಪರಿಷ್ಕೃತವನ್ನೇ ಕೊಳ್ಳಿ. 2018ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ಇ.ಎಸ್.ವಿ. ಕಥೋಲಿಕ ಆವೃತ್ತಿಯ ಆಧಾರದ ವಾಚನಗ್ರಂಥ 2020ರ ಗರಿಗಳ ಭಾನುವಾರದಿಂದ ಭಾರತದ ಇಂಗ್ಲಿಷ್ ಬಲಿಪೂಜೆಗೆ ಬಂತು. ದೇವಾಲಯದ ವಾಚನಕ್ಕೆ ಹೊಂದುವುದು ಇದೇ. ಆದರೆ ಮೊದಲ ಓದಿಗೆ ಗುಡ್ ನ್ಯೂಸ್‌ನಷ್ಟು ಸುಲಭವಲ್ಲ.

ಎಲ್ಲಿಂದ ಆರಂಭ?

ಆದಿಕಾಂಡದಿಂದ ಹೊರಟವರು ವಿಮೋಚನಕಾಂಡದ 25ನೇ ಅಧ್ಯಾಯದ ಗುಡಾರದ ಅಳತೆಗಳಲ್ಲಿ, ಇಲ್ಲವೆ ಯಾಜಕಕಾಂಡದ ಬಲಿಗಳ ನಿಯಮಗಳಲ್ಲಿ ನಿಂತುಬಿಡುತ್ತಾರೆ. ಆ ತಾಯಿ ನಿಂತದ್ದೂ ಅಂಥ ಹೆಸರು, ಲೆಕ್ಕಗಳಲ್ಲೇ. ಹೊಸಬರಿಗೆ ನಾವು ಹೇಳುವ ಕ್ರಮ ಹೀಗಿದೆ:

ಮೊದಲು ಮಾರ್ಕ. 16 ಅಧ್ಯಾಯಗಳ ಚಿಕ್ಕ ಗ್ರಂಥ. ದಿನಕ್ಕೊಂದು ಅಧ್ಯಾಯ ಓದಿದರೆ ಹದಿನಾರು ದಿನ. ನಂತರ ಲೂಕ, ಅದರ ಮುಂದುವರಿಕೆಯಾದ ಪ್ರೇಷಿತರ ಕಾರ್ಯಕಲಾಪಗಳು. ಅವುಗಳ ಜೊತೆಗೆ ರಾತ್ರಿ ಮಲಗುವ ಮುನ್ನ ಒಂದು ಕೀರ್ತನೆ. ಆಮೇಲೆ ಆದಿಕಾಂಡ ಮತ್ತು ವಿಮೋಚನಕಾಂಡದ ಮೊದಲ 20 ಅಧ್ಯಾಯಗಳು. ಯೊವಾನ್ನ ಮತ್ತು ಪೌಲನ ಪತ್ರಗಳು ಅದರ ನಂತರ. ಪ್ರಕಟನಾ ಗ್ರಂಥವನ್ನು ಒಬ್ಬರೇ ಕುಳಿತು ಓದುವುದು ಬೇಡ. ಬಲ್ಲವರ ಜೊತೆಗೆ ಓದಲಿ.

ಓದಲು ಬಾರದವರಿಗೆ

ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದ ಹಿರಿಯರೂ ವಿಶ್ವಾಸಕ್ಕೆ ಬರುತ್ತಾರೆ. ಅವರಿಗೆ ಬೈಬಲ್ ಬೇಡವೇ? ಬಂಕಾಪುರದ ಸೀಮೆಯನ್ನೇ ನೋಡಿ. ಕ್ರಿ.ಶ. 898ರ ಸುಮಾರಿಗೆ ಗುಣಭದ್ರರ ಉತ್ತರಪುರಾಣ ಪೂಜೆಗೊಂಡದ್ದು ಈ ಊರಿನಲ್ಲಿ. ಕನಕದಾಸರ ಬಾಡ ಇಲ್ಲಿಗೆ ಸಮೀಪ. ಶಿಶುನಾಳ ಶರೀಫರ (1819-1889) ಊರೂ ಇದೇ ಶಿಗ್ಗಾಂವಿ ತಾಲೂಕಿನದು. ದೇವರ ವಿಚಾರವನ್ನು ಕಿವಿಯಿಂದ ಕೇಳಿ, ಹಾಡಿ, ನೆನಪಿನಲ್ಲಿಟ್ಟು ಮಕ್ಕಳಿಗೆ ಹೇಳಿದ ಜನ ಇವರು. ಇಲ್ಲಿ ಒಬ್ಬರು ಓದುವುದು, ಹತ್ತು ಜನ ಕೇಳುವುದು ಹೊಸ ಪದ್ಧತಿಯಲ್ಲ.

ಆದ್ದರಿಂದ ಅಂಥ ಮನೆಗೆ ದೊಡ್ಡಕ್ಷರದ ಒಂದು ಶುಭಸಂದೇಶ ಕೊಟ್ಟು, ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿ. ಯೂವರ್ಷನ್ ಮುಂತಾದ ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಬೈಬಲನ್ನು ಓದಬಹುದು, ಕೇಳಲೂಬಹುದು. ಆದರೆ ಆ್ಯಪ್‌ನಲ್ಲಿ ಯಾವ ಅನುವಾದ ತೆರೆದಿದೆ ಎಂದು ನೀವೇ ನೋಡಿ, ಸರಿಯಾದುದನ್ನು ಆರಿಸಿಕೊಟ್ಟು ಬನ್ನಿ.

ಕೊಡುವವರಿಗೆ ಎರಡು ಮಾತು

ಕೇಳಿದವರಿಗೆ ಕೊಡಿ, ಕೇಳದವರ ಮೇಲೆ ಹೇರಬೇಡಿ. ಕೊಟ್ಟ ಮೇಲೆ ಒಂದು ತಿಂಗಳೊಳಗೆ ಒಮ್ಮೆ ಹೋಗಿ ಕೇಳಿ. ಓದಿಲ್ಲ ಎಂದರೆ ಬೈಯಬೇಡಿ, ಜೊತೆಗೆ ಕುಳಿತು ಒಂದು ಪುಟ ಓದಿ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಸಾರಿದರು. ಧರ್ಮಕೇಂದ್ರಗಳಲ್ಲಿ ಹೊಸ ವಿಶ್ವಾಸಿಗಳ ಮನೆಭೇಟಿಗೆ ಆ ದಿನ ಒಳ್ಳೆಯ ನೆಪ.

ಆ ತಾಯಿಯ ಮನೆಗೆ ನಾವು ಮತ್ತೆ ಹೋದೆವು. ಈ ಸಲ ಕೈಯಲ್ಲಿದ್ದದ್ದು ದೊಡ್ಡಕ್ಷರದ ಮಾರ್ಕನ ಶುಭಸಂದೇಶ ಮಾತ್ರ. 2ನೇ ಅಧ್ಯಾಯವನ್ನು ಅವರೇ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ಪುಸ್ತಕ ಮುಚ್ಚಿ ಹೇಳೆಂದಾಗ ತಲೆಯೆತ್ತಿ ತಮ್ಮ ಮಾಳಿಗೆಯ ಬೆಳಕಿಂಡಿಯನ್ನು ನೋಡಿ, "ಇಲ್ಲಿಂದನ ಇಳಿಸಿದಂಗಾತಲ್ರಿ. ನಾಕು ಮಂದಿ ಗೆಳೆಯಾರು ಇದ್ದದ್ದಕ್ಕ ಅಂವ ಎದ್ದು ನಡದ" ಎಂದರು.

ನಮ್ಮ ಬಳಿ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಇರಲಿಲ್ಲ. ದೊಡ್ಡ ಬೈಬಲ್ ಇನ್ನೂ ಜಗಲಿಯ ಮೇಲೇ ಇತ್ತು, ಇರಲಿ. ಚಿಕ್ಕದು ಅವರ ಕೈಯಲ್ಲಿತ್ತು. ಒಂದು ದಿನ ದೊಡ್ಡದೂ ಕೆಳಗಿಳಿದೀತು. ಅಲ್ಲಿಯವರೆಗೆ ಜೊತೆಗಿದ್ದು ಓದಿಸುವ ತಾಳ್ಮೆಯನ್ನು ದೇವರು ನಮಗೆಲ್ಲ ಕೊಡಲಿ.